ಮಾರ್ಕೆಟ್ಟಿನೊಳಗೆ ಹುದುಗಿರುವ ದ್ರಾಕ್ಷಾರಸ

ಬೆಂಗಳೂರಿನ ನಟ್ಟನಡುವೆ ಒಂದು ದ್ರಾಕ್ಷಾರಸದ ಮನೆತನವಿದೆ. ಅದಕ್ಕೆ ಬೋರ್ಡಿಲ್ಲ, ಗೇಟಿಲ್ಲ, ನೆಲಮಾಳಿಗೆಯಲ್ಲಿ ಸಾಲಾಗಿ ಮಲಗಿದ ಮರದ ಪೀಪಾಯಿಗಳೂ ಇಲ್ಲ. ಕೃಷ್ಣರಾಜ ಮಾರುಕಟ್ಟೆಯ ಸುತ್ತಮುತ್ತ ಅದು ಬಿಡಿಬಿಡಿಯಾಗಿ ಹರಡಿಕೊಂಡಿದೆ: ಹಣ್ಣು ತಳ್ಳುಗಾಡಿಯ ಮೇಲೆ, ಬೆಲ್ಲ ತರಗುಪೇಟೆಯ ಅಂಗಡಿಯಲ್ಲಿ, ಚಕ್ಕೆ ಏಲಕ್ಕಿ ಹಿಪ್ಪಲಿ ಗ್ರಂಧಿಗೆ ಅಂಗಡಿಯ ಡಬ್ಬಗಳಲ್ಲಿ, ಮಡಕೆ ಫುಟ್‌ಪಾತಿನ ಮೇಲೆ, ಮತ್ತು ಇಷ್ಟಕ್ಕೂ ಜೀವ ಕೊಡುವ ಒಂದು ಒಣಗಿದ ಕೆಂಪು ಹೂವು, ಅಂಗಡಿಯ ಹಿಂದಿನ ಗೋಡೆಗೆ ಒರಗಿಸಿಟ್ಟ ಗೋಣಿಚೀಲದಲ್ಲಿ! ಹಬ್ಬದ ಹಿಂದಿನ ದಿನ ಸೇವಂತಿಗೆಗೆ ಬಂದವರು, ಮದುವೆಗೆ ಬಾಳೆಕಂದು ಕೊಳ್ಳಲು ಬಂದವರು, ನಾವೆಲ್ಲ ಈ ಮನೆತನದ ಮುಂದೆಯೇ ಹಾದುಹೋಗಿದ್ದೇವೆ. ಹಾದುಹೋಗುವುದೇನು, ನಮ್ಮಲ್ಲಿ ಎಷ್ಟೋ ಜನರ ಮನೆಗೆ ಆ ರಸ ಬಂದಿದೆ, ಚಮಚದಲ್ಲಿ ಅಳೆದು ಕುಡಿದೂ ಇದ್ದೇವೆ. ಅದು ವೈನ್ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ದ್ರಾಕ್ಷಾರಿಷ್ಟ, ದ್ರಾಕ್ಷಾಸವ, ದಶಮೂಲಾರಿಷ್ಟ ಎಂದೆಲ್ಲ ಬರೆದ ಸೀಸೆಯನ್ನು ದೇವರ ಮನೆಯ ಪಕ್ಕದ ಕಪಾಟಿನಲ್ಲಿಟ್ಟು, ಔಷಧಿ ಎಂದು ನಂಬಿ, ಊಟವಾದ ಮೇಲೆ ಅಷ್ಟೇ ನೀರು ಬೆರೆಸಿ ಕುಡಿದೆವು.

ಮೊದಲು ಆ ಹೂವನ್ನು ನೋಡಬೇಕು. ಮಾರ್ಕೆಟ್ಟಿನಿಂದ ಅವೆನ್ಯೂ ರಸ್ತೆಯ ಕಡೆಗೆ ನುಗ್ಗುವ ಗಲ್ಲಿಗಳಲ್ಲಿ ಇನ್ನೂ ಉಳಿದಿರುವ ಗ್ರಂಧಿಗೆ ಅಂಗಡಿಗಳ ಮುಂದೆ ನಿಂತರೆ ಮೂಗಿಗೆ ಒಂದೇ ಸಲಕ್ಕೆ ಹತ್ತಾರು ವಾಸನೆ ಬಡಿಯುತ್ತದೆ. ಬಜೆ, ಅತಿಮಧುರ, ಅಳಲೆಕಾಯಿ, ಒಣಶುಂಠಿ, ಹಿರೇಮದ್ದಿನ ಬೇರು, ಹೋಮಕ್ಕೆ ಬೇಕಾದ ಸಮಿತ್ತು, ಗೃಹಪ್ರವೇಶಕ್ಕೆ ಬೇಕಾದ ನವಧಾನ್ಯ, ಎಲ್ಲ ಒಂದೇ ಸೂರಿನಡಿ. ಅಲ್ಲಿ ಧಾತಕಿ ಹೂವು ಇದೆಯೇ ಎಂದು ಕೇಳಿದೆ. ಗಲ್ಲಾದ ಹಿಂದೆ ಕೂತಿದ್ದ ಯಜಮಾನರು ತಲೆ ಕೂಡ ಎತ್ತದೆ, "ಎಷ್ಟು ಸಾರ್? ಅರಿಷ್ಟಕ್ಕಾ?" ಅಂದರು. ನಿಂತಲ್ಲೇ ಮೈ ಜುಮ್ಮೆಂದಿತು! ಸಾವಿರಾರು ವರ್ಷಗಳ ಒಂದು ವಿದ್ಯೆ, ಉದ್ದಿನಬೇಳೆಯ ಲೆಕ್ಕ ಕೇಳಿದಷ್ಟು ಸಲೀಸಾಗಿ, ಒಂದು ಪ್ರಶ್ನೆಯಾಗಿ ಹೊರಬಂದಿತ್ತು. ಹುಡುಗನೊಬ್ಬ ಚೀಲಕ್ಕೆ ಕೈ ಹಾಕಿ ಹಿಡಿಯಷ್ಟು ತೆಗೆದು ಪೇಪರಿನ ಮೇಲೆ ಸುರಿದ.

ಉಗುರಿನುದ್ದದ ಹೂವು. ಕೊಳವೆಯ ಆಕಾರ, ತುದಿಯಲ್ಲಿ ಸಣ್ಣ ಸಣ್ಣ ಹಲ್ಲು, ಬಣ್ಣ ಹಳೆಯ ತಾಮ್ರದ ಚೊಂಬಿನದು. ತಾಮ್ರಪುಷ್ಪಿ ಎಂಬ ಹೆಸರೂ ಇದಕ್ಕಿದೆ. ಅಂಗೈ ಮೇಲಿಟ್ಟರೆ ತೂಕವೇ ಇಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡೆ: ನಾಲಿಗೆ ಚಿಪ್ಪೆಂದು ಹಿಡಿದುಕೊಳ್ಳುವ ಒಗರು, ಆ ಒಗರಿನ ಅಡಿಯಲ್ಲಿ ಎಲ್ಲೋ ಒಂದು ಎಳೆ ಸಿಹಿ. ಆ ಒಗರು ಟ್ಯಾನಿನ್. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ, ಓಕ್ ಮರದಿಂದ ಬರುವುದೂ ಅದೇ. ಆ ಸಿಹಿ, ಒಣಗಿಹೋದ ಮಕರಂದ. ಮತ್ತು ಆ ಮಕರಂದದ ಜೊತೆಗೆ, ಕಣ್ಣಿಗೆ ಕಾಣದಂತೆ, ಜೀವ ಹಿಡಿದುಕೊಂಡು ಕೂತಿರುವುದು ಯೀಸ್ಟ್! ವಿಜ್ಞಾನಿಗಳು ಈ ಒಣ ಹೂವಿನಿಂದ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟನ್ನು ಬೇರ್ಪಡಿಸಿ ತೋರಿಸಿದ್ದಾರೆ. ಬ್ರೆಡ್ ಉಬ್ಬಿಸುವುದು ಅದೇ, ಬೀರು ನೊರೆಯೆಬ್ಬಿಸುವುದು ಅದೇ, ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯನ್ನು ವೈನ್ ಮಾಡುವುದೂ ಅದೇ. ಸಸ್ಯಶಾಸ್ತ್ರದವರು ವುಡ್‌ಫೋರ್ಡಿಯಾ ಫ್ರೂಟಿಕೋಸಾ ಎಂದು ಗುರುತಿಸುವ ಈ ಪೊದೆ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ತಾನೇ ತಾನಾಗಿ ಬೆಳೆಯುತ್ತದೆ, ಚಳಿಗಾಲ ಮುಗಿದು ಬಿಸಿಲೇರುವ ಹೊತ್ತಿಗೆ ರೆಂಬೆ ಕಾಣದ ಹಾಗೆ ಕೆಂಪಗೆ ಹೂಬಿಡುತ್ತದೆ, ಜೇನುಹುಳ ಮತ್ತು ಸೂರಕ್ಕಿಗಳು ಮುತ್ತುತ್ತವೆ. ಆ ಹೂವನ್ನು ಬಿಡಿಸಿ ಒಣಗಿಸಿ ಚೀಲಕ್ಕೆ ತುಂಬಿದರೆ, ಕಾಡಿನ ಯೀಸ್ಟ್ ನಿದ್ದೆ ಮಾಡಿಕೊಂಡೇ ಪೇಟೆಗೆ ಬಂದಿಳಿಯುತ್ತದೆ.

ಹುದುಗು ಬರಿಸುವುದು ಜೀವಂತ ಕಣಗಳ ಕೆಲಸ ಎಂದು ಲೂಯಿ ಪಾಶ್ಚರ್ ತೋರಿಸಿಕೊಡಲು ತೊಡಗಿದ್ದು 1857ರಲ್ಲಿ. ಅದಕ್ಕೂ ಎಷ್ಟು ಶತಮಾನಗಳ ಮೊದಲೇ ನಮ್ಮ ವೈದ್ಯರು ಸಾವಿರಾರು ಗಿಡಗಳ ನಡುವಿನಿಂದ ಸರಿಯಾಗಿ ಈ ಹೂವನ್ನೇ ಹೆಕ್ಕಿ ತೆಗೆದಿದ್ದರಲ್ಲ! ಸೂಕ್ಷ್ಮದರ್ಶಕವಿಲ್ಲ, ಪ್ರಯೋಗಾಲಯವಿಲ್ಲ, ಹಾಕಿ ನೋಡಿ, ಕುಡಿದು ನೋಡಿ, ಕಾದು ನೋಡಿ ಕಂಡುಕೊಂಡದ್ದು. ಮಲ್ಲಿಗೆ ಹಾಕಿದವರೂ ಇದ್ದಿರಬೇಕು, ಗುಲಾಬಿ ಹಾಕಿದವರೂ ಇದ್ದಿರಬೇಕು. ಗೆದ್ದದ್ದು ಧಾತಕಿ, ಮತ್ತು ಅದರ ಜೊತೆಗೆ ಇಪ್ಪೆ ಹೂವು.

ಈಗ ಮಾಡುವ ಕ್ರಮಕ್ಕೆ ಬರೋಣ. ಇಲ್ಲಿ ಅವಸರ ಬೇಡ, ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಬೆರಗು ಕೂತಿದೆ.

ದ್ರಾಕ್ಷಾರಿಷ್ಟದ ಲೆಕ್ಕ ಶಾರ್ಙ್ಗಧರ ಸಂಹಿತೆಯಲ್ಲಿದೆ. 50 ಪಲ ಒಣದ್ರಾಕ್ಷಿ, 200 ಪಲ ಬೆಲ್ಲ. ಇವತ್ತಿನ ಔಷಧ ಸೂತ್ರಗಳು ಒಂದು ಪಲಕ್ಕೆ 48 ಗ್ರಾಂ ಹಿಡಿಯುತ್ತವೆ, ಅಂದರೆ 2.4 ಕಿಲೋ ದ್ರಾಕ್ಷಿಗೆ 9.6 ಕಿಲೋ ಬೆಲ್ಲ. ದ್ರಾಕ್ಷಿಯನ್ನು ನೀರಿನಲ್ಲಿ ಹಾಕಿ ಕಾಲು ಭಾಗಕ್ಕೆ ಇಳಿಯುವ ತನಕ ಕುದಿಸಬೇಕು. ಶೋಧಿಸಿ, ಆರಿಸಿ, ಬೆಲ್ಲ ಕರಗಿಸಬೇಕು. ಆಮೇಲೆ ಚಕ್ಕೆ, ಏಲಕ್ಕಿ, ತೇಜಪತ್ರೆ, ನಾಗಕೇಸರ, ಪ್ರಿಯಂಗು, ಮೆಣಸು, ಹಿಪ್ಪಲಿ, ವಾಯುವಿಳಂಗ, ಈ ಎಂಟನ್ನೂ ಒಂದೊಂದು ಪಲ ಕುಟ್ಟಿ ಹಾಕಬೇಕು. ಮಾಡುವವರು ಇದರ ಜೊತೆಗೆ ನಮ್ಮ ಧಾತಕಿ ಹೂವನ್ನೂ ಸೇರಿಸುತ್ತಾರೆ. ಹೀಗೆ ಕಷಾಯ ಕಾಸಿ ಮಾಡಿದ್ದು ಅರಿಷ್ಟ; ಕಾಸದೆ ಹಸಿಯಾಗಿ ನೀರಿನಲ್ಲಿಟ್ಟು ಹುಳಿ ಬರಿಸಿದ್ದು ಆಸವ. ಅಳತೆ ಹೇಳಿಲ್ಲದ ಕಡೆ ಏನು ಮಾಡಬೇಕು ಎಂಬುದಕ್ಕೂ ಅದೇ ಗ್ರಂಥ ಒಂದು ಸೂತ್ರ ಕೊಟ್ಟುಬಿಟ್ಟಿದೆ: ಹಳೆಯ ಅಳತೆಯಲ್ಲಿ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಬೆಲ್ಲದ ಹತ್ತನೇ ಒಂದು ಭಾಗ ಪುಡಿ. ಒಂದು ಕಲೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ಅಂದರೆ ಇದು! ಗುರು ಎದುರಿಗಿಲ್ಲದಿದ್ದರೂ ಶಿಷ್ಯನ ಕೈ ತಪ್ಪುವುದಿಲ್ಲ.

ಇನ್ನು ಮಡಕೆ. ಸುಟ್ಟ ಮಣ್ಣಿನ ಮೈತುಂಬ ಕಾಣದ ತೂತುಗಳು. ಅದಕ್ಕೇ ಒಳಮೈಗೆ ತುಪ್ಪ ಸವರುತ್ತಿದ್ದರು. ತುಪ್ಪ ಕುಡಿದ ಮಡಕೆ ರಸವನ್ನು ಹೊರಗೆ ಜಿನುಗಿಸುವುದಿಲ್ಲ. ಆಮೇಲೆ ಧೂಪದ ಹೊಗೆಯನ್ನು ಮಡಕೆಯೊಳಗೆ ತುಂಬಿಸುತ್ತಿದ್ದರು. ಬೇಡದ ಕ್ರಿಮಿಗಳು ಸತ್ತು, ಬೇಕಾದ ಯೀಸ್ಟಿಗೆ ಜಾಗ ಖಾಲಿಯಾಗುತ್ತದೆ. ಮಡಕೆಯನ್ನು ಕಂಠದವರೆಗೆ ತುಂಬುವಂತಿಲ್ಲ, ಉಬ್ಬಿ ಬರುವ ನೊರೆಗೆ ಜಾಗ ಬಿಡಬೇಕು. ಬಾಯಿಗೆ ಮುಚ್ಚಳವಿಟ್ಟು, ಜೇಡಿಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಆ ಮಡಕೆಯನ್ನು ಎಲ್ಲಿಡುತ್ತಿದ್ದರು ಗೊತ್ತೆ? ಭತ್ತದ ರಾಶಿಯೊಳಗೆ! ಇಲ್ಲವೇ ನೆಲದಲ್ಲಿ ಹೂಳುತ್ತಿದ್ದರು. ಹೊರಗೆ ಹಗಲು ಉರಿಬಿಸಿಲು, ರಾತ್ರಿ ಮೈಕೊರೆಯುವ ಚಳಿ. ಭತ್ತದ ಹೊಟ್ಟೆಯೊಳಗೆ ಮಾತ್ರ ಹಗಲೂ ರಾತ್ರಿ ಒಂದೇ ಹದದ ಬೆಚ್ಚಗೆ. ಯೀಸ್ಟಿಗೆ ಬೇಕಾದದ್ದು ಅದೇ. ಯುರೋಪಿನವರು ಬೆಟ್ಟ ಕೊರೆದು, ನೆಲ ಅಗೆದು ಕಟ್ಟಿಕೊಂಡ ತಂಪಿನ ನೆಲಮಾಳಿಗೆಯ ಕೆಲಸವನ್ನು ಇಲ್ಲಿ ಕಣಜ ಮಾಡಿತ್ತು.

ಮತ್ತು ಪರೀಕ್ಷೆ! ನನಗೆ ಇಡೀ ವಿದ್ಯೆಯಲ್ಲಿ ಅತಿ ಸುಂದರವಾಗಿ ಕಂಡದ್ದು ಇದು. ಮೊದಲ ದಿನಗಳಲ್ಲಿ ಮಡಕೆಗೆ ಕಿವಿಯಿಟ್ಟರೆ ಒಳಗಿನಿಂದ ಸದ್ದು ಕೇಳುತ್ತದೆ, ಸಣ್ಣಗೆ ಕುದಿಯುವಂಥ ಬುಳುಬುಳು ಸದ್ದು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲು ಮತ್ತು ಇಂಗಾಲದ ಡೈಆಕ್ಸೈಡು ಮಾಡುತ್ತಿರುವ ಸದ್ದು ಅದು. ಆಗ ಮುಚ್ಚಳ ಸರಿಸಿ ಉರಿಯುವ ಕಡ್ಡಿಯನ್ನು ಬಾಯಿಯ ಹತ್ತಿರ ಹಿಡಿದರೆ ಫಕ್ಕನೆ ಆರಿಹೋಗುತ್ತದೆ. ಹಾಕಿದ ಹೂವುಗಳೆಲ್ಲ ಗಾಳಿಗುಳ್ಳೆಗಳನ್ನು ಹೊತ್ತು ಮೇಲೆ ತೇಲುತ್ತಿರುತ್ತವೆ. ದಿನ ಕಳೆದ ಹಾಗೆ ಸದ್ದು ಇಳಿಯುತ್ತದೆ. ಒಂದು ದಿನ ಕಿವಿಯಿಟ್ಟರೆ ಏನೂ ಕೇಳಿಸುವುದಿಲ್ಲ, ಕಡ್ಡಿ ಹಿಡಿದರೆ ಆರದೆ ಉರಿಯುತ್ತದೆ, ಹೂವುಗಳು ತಳ ಸೇರಿವೆ. ರಸ ಸಿದ್ಧ! ಮಾಪಕವಿಲ್ಲ, ಮೀಟರಿಲ್ಲ, ಕಿವಿ, ಕಣ್ಣು, ಮೂಗು ಮತ್ತು ಒಂದು ಬೆಂಕಿಕಡ್ಡಿ. ಇಂದಿನ ದೊಡ್ಡ ಔಷಧ ತಯಾರಿಕಾ ಘಟಕಗಳಲ್ಲಿ ಸ್ಟೀಲ್ ತೊಟ್ಟಿಗಳು ಬಂದಿವೆ, ತಾಪಮಾನ ಅಳೆಯುವ ಯಂತ್ರಗಳು ಬಂದಿವೆ. ಆಯುರ್ವೇದದ ವಿದ್ಯಾರ್ಥಿಗಳು ಮಾತ್ರ ಈಗಲೂ ಈ ಕಡ್ಡಿ ಪರೀಕ್ಷೆಯನ್ನು ಕಲಿಯುತ್ತಾರೆ.

ಹೀಗೆ ಹುಟ್ಟಿದ ಆಲ್ಕೋಹಾಲು ಎರಡು ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗದ ಸತ್ವಗಳನ್ನು ಚಕ್ಕೆಯಿಂದ, ಏಲಕ್ಕಿಯಿಂದ, ಹಿಪ್ಪಲಿಯಿಂದ ಹೊರಗೆಳೆಯುತ್ತದೆ. ಜೊತೆಗೆ ಇಡೀ ರಸ ಕೆಡದಂತೆ ಕಾಯುತ್ತದೆ. ಕಷಾಯ ಮಾರನೇ ದಿನಕ್ಕೆ ಹಳಸುತ್ತದೆ, ಅರಿಷ್ಟ ವರ್ಷಗಟ್ಟಲೆ ನಿಲ್ಲುತ್ತದೆ, ಹಳೆಯದಾದಷ್ಟೂ ಅದರ ಗುಣ ಹೆಚ್ಚು ಎಂದು ವೈದ್ಯರು ನಂಬುತ್ತಾರೆ. ಯಾವುದೇ ಅರಿಷ್ಟದ ಸೀಸೆಯನ್ನು ತಿರುಗಿಸಿ ಲೇಬಲ್ ಓದಿ: ಒಳಗೇ ತಾನಾಗಿ ಹುಟ್ಟಿದ ಆಲ್ಕೋಹಾಲು ಇಷ್ಟು ಪ್ರತಿಶತ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 5ರಿಂದ 10, 12ನ್ನು ದಾಟುವಂತಿಲ್ಲ. ಊಟದ ಮೇಜಿನ ವೈನ್ 11ರಿಂದ 14ರ ಆಸುಪಾಸಿನಲ್ಲಿರುತ್ತದೆ. ಅಂತರ ಎಷ್ಟು ಕಡಿಮೆ ನೋಡಿ!

ಮಾರ್ಕೆಟ್ಟಿನಿಂದ ರಸ್ತೆ ದಾಟಿದರೆ ವಾಣಿವಿಲಾಸ ಆಸ್ಪತ್ರೆ. 1935ರಲ್ಲಿ ತೆರೆದ ಹೆರಿಗೆ ಆಸ್ಪತ್ರೆ, ಹಳೇ ಬೆಂಗಳೂರಿನ ಅದೆಷ್ಟು ಮನೆಗಳ ತೊಟ್ಟಿಲು ಅಲ್ಲಿಂದಲೇ ತೂಗತೊಡಗಿತೋ. ಅದರ ಪಕ್ಕ ವಿಕ್ಟೋರಿಯಾ ಆಸ್ಪತ್ರೆ. ಅಲ್ಲಿಂದ ಮಗುವನ್ನು ಎತ್ತಿಕೊಂಡು ಚಾಮರಾಜಪೇಟೆಗೋ ಬಸವನಗುಡಿಗೋ ಹೋಗುವ ದಾರಿಯಲ್ಲೇ ಗ್ರಂಧಿಗೆ ಅಂಗಡಿಗಳು. ಅಜ್ಜಿಯೋ ಅತ್ತೆಯೋ ಅಲ್ಲಿ ನಿಂತು "ಬಾಣಂತಿ ಸಾಮಾನು ಕಟ್ಟಿಕೊಡಿ" ಎಂದರೆ ಸಾಕು, ಚೀಟಿ ಬೇಕಿರಲಿಲ್ಲ. ಯಾವುದು ಎಷ್ಟು ಎಂದು ಅಂಗಡಿಯವರ ಕೈಗೇ ಗೊತ್ತು; ಪೊಟ್ಟಣದ ಮೇಲೆ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ಲೇಹ್ಯಕ್ಕೆ ಅವು. ಜೊತೆಗೆ ಒಂದು ಸೀಸೆ ದಶಮೂಲಾರಿಷ್ಟ. ಬಿಲ್ವ, ತಗ್ಗಿ, ಪಾದರಿ ಮೊದಲಾದ ಹತ್ತು ಬೇರುಗಳ ಆ ಅರಿಷ್ಟದಲ್ಲಿ ದ್ರಾಕ್ಷಿಯೂ ಇದೆ, ಜೇನೂ ಇದೆ, ಬೆಲ್ಲವೂ ಇದೆ, ಧಾತಕಿ ಹೂವೂ ಇದೆ. ಅಂದರೆ, ಈರುಳ್ಳಿಯನ್ನೂ ಮುಟ್ಟದ ಮಡಿಯ ಮನೆಗಳಲ್ಲಿ, ಕತ್ತಲೆ ಕೋಣೆಯ ಕಟ್ಟಿಗೆ ಮಂಚದ ಮೇಲೆ, ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು ನಮ್ಮ ತಾಯಂದಿರು ನಲವತ್ತು ದಿನ ಕುಡಿದದ್ದು ಹುದುಗೆದ್ದ ದ್ರಾಕ್ಷಿಯ ರಸ! ಇದು ಹೊಳೆದ ಕ್ಷಣ ನನಗೆ ಉಸಿರೇ ನಿಂತಂತಾಯಿತು. ಮನೆತನದ ದ್ರಾಕ್ಷಾರಸ ಎಲ್ಲಿದೆ ಎಂದು ಊರೆಲ್ಲ ಹುಡುಕಬೇಕಾಗಿಲ್ಲ, ಅದು ಬಾಣಂತಿಕೋಣೆಯಲ್ಲಿತ್ತು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಒಂದೊಂದು ಹೆರಿಗೆಗೂ ಒಂದೊಂದು ಸೀಸೆಯಾಗಿ ಅದು ಇಳಿದು ಬಂದಿದೆ.

ಅರಿಷ್ಟ ಮಾಡುವ ಕೆಲಸವನ್ನೇ ಮನೆತನದ ಉದ್ಯೋಗವಾಗಿ ಮಾಡಿಕೊಂಡ ವೈದ್ಯಕುಟುಂಬಗಳೂ ನಾಡಿನಲ್ಲಿವೆ. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರುಮಾಡಿದರು; ಅಲ್ಲಿಯ ಹಲ್ಲುಪುಡಿಯ ಗುಲಾಬಿ ಬಣ್ಣ ಹಳೇ ಮೈಸೂರಿನ ಒಂದೊಂದು ಬಚ್ಚಲುಮನೆಗೂ ಗೊತ್ತಿತ್ತು. ನೂರು ವರ್ಷ ದಾಟಿದ ಹೆಸರು ಅದು.

ಇಷ್ಟು ತಿಳಿದ ಮೇಲೆ ಹಳೆಯ ಗ್ರಂಥಗಳ ಕಡೆ ಕಣ್ಣು ಹೊರಳದೆ ಇರುತ್ತದೆಯೇ? ಚರಕಸಂಹಿತೆಯ ಸೂತ್ರಸ್ಥಾನದ 25ನೇ ಅಧ್ಯಾಯ ತೆರೆದರೆ 84 ಆಸವಗಳ ಪಟ್ಟಿ! ಧಾನ್ಯದಿಂದ 6, ಹಣ್ಣಿನಿಂದ 26, ಬೇರಿನಿಂದ 11, ಮರದ ತಿರುಳಿನಿಂದ 20, ಹೂವಿನಿಂದ 10, ಕಾಂಡದಿಂದ 4, ಎಲೆಯಿಂದ 2, ತೊಗಟೆಯಿಂದ 4, ಸಕ್ಕರೆಯಿಂದ 1. ಕೂಡಿಸಿ ನೋಡಿ, ಸರಿಯಾಗಿ 84 ಬರುತ್ತದೆ. ಹಣ್ಣಿನ ಪಟ್ಟಿಯಲ್ಲಿ ದ್ರಾಕ್ಷಿಗೂ ಸ್ಥಾನವಿದೆ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಸುರಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ದ್ರಾಕ್ಷಿಯ ರಸದಿಂದಾದದ್ದು ಮಧು ಎನ್ನುತ್ತದೆ, ಕಾಪಿಶಾಯನ, ಹಾರಹೂರಕ ಎಂದು ಅದರ ಊರುಗಳ ಹೆಸರು ಹೇಳುತ್ತದೆ. ಕಾಪಿಶ ಇದ್ದದ್ದು ಇಂದಿನ ಅಫ್ಘಾನಿಸ್ತಾನದಲ್ಲಿ. ಯಾವ ನೆಲದ ದ್ರಾಕ್ಷಿಯೋ ಆ ನೆಲದ ಹೆಸರನ್ನೇ ರಸಕ್ಕೂ ಇಡುವ ಪದ್ಧತಿ, ಇಂದಿನ ವೈನ್ ಲೋಕ ಎದೆಯುಬ್ಬಿಸಿ ಹೇಳಿಕೊಳ್ಳುವ ಪದ್ಧತಿ, ಅಲ್ಲಿ ಆಗಲೇ ಇದೆ! ಅರಿಷ್ಟಗಳನ್ನು ಮಾತ್ರ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾಡಬೇಕು ಎಂದು ಅದೇ ಗ್ರಂಥ ಬೇರೆಯಾಗಿ ಗೆರೆ ಎಳೆಯುತ್ತದೆ.

ಕನ್ನಡನಾಡಿನ ವೈದ್ಯರು ಇದಕ್ಕೆ ಸುಮ್ಮನೆ ತಲೆಯಾಡಿಸಲಿಲ್ಲ ಎಂಬುದೂ ಅಷ್ಟೇ ರೋಮಾಂಚನದ ವಿಷಯ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯ ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕ, 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡದಲ್ಲಿ ಬರೆದ ಕರ್ಣಾಟಕ ಕಲ್ಯಾಣಕಾರಕ, ಎರಡೂ ಜೈನ ವೈದ್ಯರ ಕೃತಿಗಳು, ಎರಡೂ ಮದ್ಯವನ್ನು ಹೊರಗಿಟ್ಟೇ ಚಿಕಿತ್ಸೆ ಹೇಳಿದವು. ಒಂದು ಕಡೆ ಹುದುಗಿನ ಮಡಕೆ, ಇನ್ನೊಂದು ಕಡೆ ಅದನ್ನು ಮುಟ್ಟದೆ ರೋಗ ವಾಸಿಮಾಡುತ್ತೇನೆಂಬ ಛಲ. ಒಂದೇ ನೆಲದಲ್ಲಿ ಎರಡೂ ಬೆಳೆದವು. ನನಗೆ ಎರಡರ ಮೇಲೂ ಗೌರವ.

ಇಷ್ಟು ಹೊತ್ತು ಹೇಳಿದ್ದು ಒಣದ್ರಾಕ್ಷಿಯ ಕಥೆ. ವಿಜಯಪುರದ ಬಿಸಿಲಲ್ಲಿ ಒಣಗಿ ಬರುವ ದ್ರಾಕ್ಷಿ ಅದು. ಹಸಿ ದ್ರಾಕ್ಷಿಯ ಕಥೆ ಬೆಂಗಳೂರಿನದೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಹೈದರ್ ಅಲಿ ಶುರುಮಾಡಿದ ಲಾಲ್‌ಬಾಗ್ ಸುತ್ತಿದಾಗ ದ್ರಾಕ್ಷಿ ಬಳ್ಳಿ ಸೊಂಪಾಗಿ ಬೆಳೆಯುತ್ತಿರುವುದನ್ನು ಕಂಡು ಬರೆದಿಟ್ಟ. ಆ ತೋಟ ಈಗಿನ ಮಾರ್ಕೆಟ್ಟಿಗೆ ಎಷ್ಟು ಹತ್ತಿರ! ಮಾರ್ಕೆಟ್ ಇರುವ ಜಾಗವೋ, ಒಂದು ಕಾಲಕ್ಕೆ ಸಿದ್ದಿಕಟ್ಟೆ ಎಂಬ ಕೆರೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಇದೇ ಬಯಲು ರಣರಂಗ. 1928ರಲ್ಲಿ ಅದೇ ನೆಲದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮಾರುಕಟ್ಟೆ ಎದ್ದು ನಿಂತಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ರೈತರು ತಂದು ಸುರಿಯುವ ದ್ರಾಕ್ಷಿ ಇಲ್ಲಿನ ತಳ್ಳುಗಾಡಿಗಳ ಮೇಲೆ ರಾಶಿ ಬೀಳತೊಡಗಿತು.

ಬೆಂಗಳೂರು ಬ್ಲೂ! ಗೋಲಿಗಿಂತ ಚಿಕ್ಕ ಹಣ್ಣು, ಕಪ್ಪಿಗೆ ತಿರುಗಿದ ನೇರಳೆ ಬಣ್ಣ, ಮೇಲೆ ಬೂದಿ ಸವರಿದಂಥ ಹೊಳಪು. ಬೆರಳಲ್ಲಿ ಒತ್ತಿದರೆ ದಪ್ಪ ಸಿಪ್ಪೆಯಿಂದ ತಿರುಳು ಪುಳಕ್ಕನೆ ಜಾರಿ ಬಾಯಿಗೆ ಬೀಳುತ್ತದೆ, ಬೀಜ ನುಂಗಬೇಕೋ ಉಗುಳಬೇಕೋ ಎಂದು ನಿರ್ಧರಿಸುವಷ್ಟರಲ್ಲಿ ಇನ್ನೊಂದು ಹಣ್ಣು ಕೈಗೆ ಬಂದಿರುತ್ತದೆ. ಅದರ ಘಮ ಇಲ್ಲಿನ ಬೇರೆ ದ್ರಾಕ್ಷಿಗಳಿಗಿಲ್ಲ. ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ ಘಮ ಅದು. ಏಕೆಂದರೆ ಇದರ ರಕ್ತದಲ್ಲಿ ಉತ್ತರ ಅಮೆರಿಕದ ಕಾಡುದ್ರಾಕ್ಷಿ ವಿಟಿಸ್ ಲಾಬ್ರುಸ್ಕಾ ಇದೆ. ಇಸಾಬೆಲ್ಲಾ ಎಂಬ ಹೆಸರಾಂತ ತಳಿಯ ಹತ್ತಿರದ ಬಂಧು ಇದು. ಈ ಇಸಾಬೆಲ್ಲಾದಿಂದ ವೈನ್ ಮಾಡಿ ಮಾರುವುದನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿತು! ಅಮೆರಿಕದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬಾಗಿಲು ಮುಚ್ಚಿಸಿಕೊಂಡ ವಂಶವೊಂದು ನಂದಿ ಬೆಟ್ಟದ ಬುಡದಲ್ಲಿ, ಕಲ್ಲುಕಂಬದ ಚಪ್ಪರಗಳ ಮೇಲೆ ತವರು ಕಂಡುಕೊಂಡಿದೆ. ಸುಮಾರು 150 ವರ್ಷಗಳಿಂದ ಇಲ್ಲಿ ಬೆಳೆಯುತ್ತಿರುವ ಈ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ; ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಇದರ ಸೀಮೆ. ಇನ್ನೊಂದು ಅಚ್ಚರಿ: ತಣ್ಣನೆಯ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದೇ ಫಸಲು. ಬೆಂಗಳೂರಿನ ಹವೆಯಲ್ಲಿ ಬಳ್ಳಿ ಮಲಗುವುದೇ ಇಲ್ಲ! ರೈತರೇ ಕತ್ತರಿ ಹಿಡಿದು ಸವರಿ ಅದಕ್ಕೆ ಕಾಲ ಹೇಳುತ್ತಾರೆ. ವಿಜಯಪುರದ ಕಡೆ ಈ ಸವರುವ ಕೆಲಸಕ್ಕೆ ಚಾಟ್ನಿ ಎನ್ನುತ್ತಾರೆ. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆ.

ನಗರದ ಮೂಲೆಮೂಲೆಯಲ್ಲಿರುವ ಹಾಪ್‌ಕಾಮ್ಸ್ ಮಳಿಗೆಗಳನ್ನು ನೋಡಿದ್ದೀರಲ್ಲ? ತರಕಾರಿ, ಹಣ್ಣು ಎಲ್ಲ ಸಿಗುವ ಆ ಸಂಸ್ಥೆ ಹುಟ್ಟಿದ್ದು ದ್ರಾಕ್ಷಿಗಾಗಿ! ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರು 1959ರ ಸೆಪ್ಟೆಂಬರ್ 10ರಂದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘವನ್ನು ಕಟ್ಟಿದರು. ದಲ್ಲಾಳಿಗಳ ಕೈಯಿಂದ ಬೆಳೆಗಾರರನ್ನು ಬಿಡಿಸಬೇಕು ಎಂಬುದು ಅವರ ಹಟ. ಮುಂದೆ ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಇಂದು ಅಲ್ಲಿ ಕ್ಯಾರೆಟ್ ತೂಗಿಸಿಕೊಳ್ಳುವ ಪ್ರತಿಯೊಬ್ಬರೂ ದ್ರಾಕ್ಷಿ ಬೆಳೆಗಾರರು ಹಾಕಿದ ಬುನಾದಿಯ ಮೇಲೆ ನಿಂತಿರುತ್ತಾರೆ.

ಈ ಹಣ್ಣು ಡಿಸೆಂಬರಿಗೆ ಮುಂಚೆ ಇನ್ನೊಂದು ಬಗೆಯ ಮನೆಗಳಿಗೂ ಹೋಗುತ್ತದೆ. ಮಾರ್ಕೆಟ್ಟಿನ ಪಕ್ಕ, ಮೈಸೂರು ರಸ್ತೆ ಶುರುವಾಗುವಲ್ಲಿ, ಬ್ರಿಯಾಂಡ್ ಸ್ಕ್ವೇರಿನ ಸಂತ ಜೋಸೆಫರ ಚರ್ಚಿದೆ. ಬೆಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ, ಮಂಗಳೂರಿನಿಂದ ಬಂದವರಿರಲಿ, ಆಂಗ್ಲೋ ಇಂಡಿಯನ್ನರಿರಲಿ, ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಾರಸ ಮಾಡುವ ರೂಢಿ ಹಳೆಯದು. ಬೆಂಗಳೂರು ಬ್ಲೂ ಹಣ್ಣನ್ನು ತೊಳೆದು, ಒರೆಸಿ, ಹಿಸುಕಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ಪಿಂಗಾಣಿ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲಲ್ಲಿಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕದಡುವುದು. ಕೆಲವರಿಗೆ 21 ದಿನ, ಕೆಲವರಿಗೆ 40. ಕುಸ್ವಾರ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಪಕ್ಕ ಪುಟ್ಟ ಲೋಟದಲ್ಲಿ ಅದು ಬರುತ್ತದೆ. ಚಕ್ಕೆ ಅಲ್ಲೂ ಇದೆ, ಇಲ್ಲೂ ಇದೆ. ಮುಚ್ಚಿದ ಬಾಯಿ, ಎಣಿಸಿದ ದಿನಗಳು ಅಲ್ಲೂ ಇವೆ, ಇಲ್ಲೂ ಇವೆ. ಆಯುರ್ವೇದದ ಪಂಡಿತರ ಮಡಕೆಗೂ ಕ್ರಿಸ್‌ಮಸ್ಸಿನ ಭರಣಿಗೂ ಸಾಮಾನು ಹೋದದ್ದು ಒಂದೇ ಪೇಟೆಯಿಂದ!

ಬೋರ್ಡು ಗೇಟು ಪೀಪಾಯಿಗಳೆಲ್ಲ ಇರುವ ಮನೆತನವೂ ದೂರದಲ್ಲೇನಿಲ್ಲ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ವೈನಿನ ರುಚಿಗೆ ಮನಸೋತು, ಭಾರತದಲ್ಲಿ ಅಂಥದ್ದು ಆಗುತ್ತದೆಯೇ ಎಂದು ಜಾಗ ಹುಡುಕುತ್ತ, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ತಳಿಗಳ ಪರೀಕ್ಷೆ ನಡೆಸಿ, ಕೊನೆಗೆ ಆರಿಸಿಕೊಂಡದ್ದು ನಂದಿ ಬೆಟ್ಟದ ಬುಡವನ್ನು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಶುರುವಾಯಿತು. ಮುಂದೆ ಬೋರ್ಡೋದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕನ್ವಲ್, ಮಗ ಕಪಿಲ್, ಮೊಮ್ಮಗಳು ಕರಿಷ್ಮಾ, ಹೀಗೆ ಮೂರು ತಲೆಮಾರು ಆ ಬಳ್ಳಿಗಳ ಹಿಂದೆ ನಿಂತಿತು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿ ಹುಟ್ಟಿತು, ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆ ವೈನ್ ಸೀಮೆಗಳೆಂದು ಹೆಸರಾದವು.

ಆ ತೋಟಗಳನ್ನು ನೋಡಲು ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ, ಹೋಗಲಿ, ಅವು ಚೆಂದವಾಗಿವೆ. ಹಾಗೆಯೇ ಒಂದು ದಿನ ಮಾರ್ಕೆಟ್ಟಿಗೂ ಬರಲಿ! ಫೆಬ್ರುವರಿ ಒಳ್ಳೆಯ ಕಾಲ. ದ್ರಾಕ್ಷಿ ತಳ್ಳುಗಾಡಿಗಳಲ್ಲಿ ತುಂಬಿರುತ್ತದೆ, ಹಾಪ್‌ಕಾಮ್ಸ್‌ನವರ ದ್ರಾಕ್ಷಿ ಕಲ್ಲಂಗಡಿ ಮೇಳವೂ ಸಾಮಾನ್ಯವಾಗಿ ಆ ಹೊತ್ತಿಗೇ ನಡೆಯುತ್ತದೆ, ಗುಡ್ಡಗಳಲ್ಲಿ ಧಾತಕಿ ಕೆಂಪಗೆ ಅರಳಿರುತ್ತದೆ. ಬೆಳಗಿನ ಹೂವಿನ ಗಲಾಟೆ ಇಳಿಯುವ ತನಕ ಕಾದು, ಗ್ರಂಧಿಗೆ ಅಂಗಡಿಗೆ ಹೋಗಿ, ಧಾತಕಿ ಹೂವು ನೂರು ಗ್ರಾಂ ಕೊಡಿ ಎಂದು ಕೇಳಿ. ಒಂದನ್ನು ಬಾಯಿಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ವಯಸ್ಸಾದವರು ಇದ್ದರೆ, ಹಿಂದೆ ಯಾವ ಯಾವ ಪಂಡಿತರು ಇಲ್ಲಿಂದ ಚೀಲಗಟ್ಟಲೆ ಕೊಳ್ಳುತ್ತಿದ್ದರು, ಬಾಣಂತಿ ಸಾಮಾನಿಗೆ ಏನೇನು ಹಾಕುತ್ತಿದ್ದರು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಆ ಲೆಕ್ಕಗಳು ಅವರ ಬಾಯಲ್ಲಿವೆ, ಈಗಲೇ ಕೇಳಿಸಿಕೊಳ್ಳಬೇಕು.